ಚೋಟು ಇಳಿದಿದೆ

ಸೂಜಿ ಮತ್ತೆ ತಪ್ಪಿದಾಗ ನನಗೆ ತಡೆದುಕೊಳ್ಳಲು ಆಗಲಿಲ್ಲ. "ಏನ್ ಸಿಸ್ಟರ್, ಅದು ಮನುಷ್ಯನ ಕೈಯೋ, ಹೊಲಿಯೋ ಬಟ್ಟೆಯೋ?" ಅಂತ ಕೂಗಿಬಿಟ್ಟೆ. ಇಡೀ ವಾರ್ಡು ತಿರುಗಿ ನೋಡಿತು. ನೋಡಿದರೆ ನೋಡಲಿ. ನನ್ನ ತಮ್ಮನ ಎರಡೂ ತೋಳು ಮೊಣಕೈಯಿಂದ ಮಣಿಕಟ್ಟಿನವರೆಗೆ ಕಪ್ಪುಗಟ್ಟಿದ್ದವು. ಚುಚ್ಚಿದ ಜಾಗದಲ್ಲೇ ಮತ್ತೆ ಚುಚ್ಚುತ್ತಿದ್ದರು. ಅವನು ಹಲ್ಲು ಕಚ್ಚಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದ್ದ.

"ನರ ಸಿಗ್ತಿಲ್ಲ ಮೇಡಂ, ಕೈಯೆಲ್ಲ ಊದಿಕೊಂಡಿದೆ," ಅಂದಳು ನರ್ಸ್.

"ಕತ್ತಿನಲ್ಲಿ ಒಂದು ನಳಿಕೆ ಕೂರಿಸಿದ್ದೀರಲ್ಲ, ಅದೇನು ಅಲಂಕಾರಕ್ಕಾ? ಅದರಿಂದಲೇ ತೆಗೀರಿ. ಇನ್ನೊಂದು ಸಲ ಇವನ ಕೈಗೆ ಸೂಜಿ ಹಾಕಿದ್ರೆ ನಾನು ಸುಮ್ಮನಿರೋಳಲ್ಲ, ಹೇಳಿರ್ತೀನಿ."

ಅವಳು ನನ್ನ ಕೊರಳಿನಲ್ಲಿ ನೇತಾಡುತ್ತಿದ್ದ ಗುರುತಿನ ಕಾರ್ಡು ನೋಡಿದಳು. ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿರುವ ಸಂಶೋಧನಾ ಲ್ಯಾಬಿನದು. "ಈ ರಕ್ತ ಹೋಗೋದು ನಿಮ್ಮ ಲ್ಯಾಬಿಗೇ ಅಲ್ವಾ? ನೀವೇ ಹೇಳಿದ್ಮೇಲೆ ಮುಗೀತು," ಅಂದವಳೇ ಕತ್ತಿನ ನಳಿಕೆಗೆ ಸಿರಿಂಜು ಸಿಕ್ಕಿಸಿ ಒಂದೇ ಸಲಕ್ಕೆ ರಕ್ತ ಎಳೆದುಕೊಂಡು ಹೋದಳು. ನನಗೋ ಯುದ್ಧ ಗೆದ್ದಷ್ಟು ಸಮಾಧಾನ.

"ಅಕ್ಕಾ," ಅಂದ ತಮ್ಮ, ಉಸಿರಿಗಾಗಿ ಒಂದು ಗಳಿಗೆ ನಿಂತು, "ಲ್ಯಾಬಲ್ಲಿ ಇಲಿಗಳ ಹತ್ತಿರಾನೂ ಹಿಂಗೇ ಜಗಳಕ್ಕೆ ಹೋಗ್ತೀಯಾ?"

"ಇಲಿಗಳು ನಿನ್ನಂಗೆ ತಲೆಹರಟೆ ಮಾಡಲ್ಲ, ಮಲಕ್ಕೋ."

ಅವನು ಟೈಲ್ಸ್ ಹಾಕುವವನು. ಅವನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟ ಕಡೆಯೇ ನಿಲ್ಲುತ್ತದೆ. ಕೆಲಸಕ್ಕೆ ಹೋಗುವಾಗ ಊಟದ ಡಬ್ಬಿ ಮರೆತಾನು, ನೆಲದ ಮಟ್ಟ ನೋಡುವ ರಸಮಟ್ಟ ಮರೆಯುವವನಲ್ಲ. ಆಸ್ಪತ್ರೆಗೆ ಸೇರುವಾಗಲೂ ಅದನ್ನು ಬಟ್ಟೆಯ ಚೀಲದೊಳಗೆ ತುರುಕಿಕೊಂಡು ಬಂದಿದ್ದ. ವಾರ್ಡಿನ ಮಂಚದ ಮೇಲಿಟ್ಟು, ಒಳಗಿನ ಗುಳ್ಳೆ ಓರೆಗೆ ಹೋದದ್ದು ನೋಡಿ, "ಇದಕ್ಕೇ ನನಗೆ ನಿದ್ದೆ ಬರ್ತಿಲ್ಲ," ಅಂದಿದ್ದ. ಕಳೆದ ಚಳಿಗಾಲದಲ್ಲಿ ಅವನಿಗೊಂದು ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ಹೃದಯವನ್ನು ಹಾಳು ಮಾಡಿ ಹೋಯಿತು. ಹಿಗ್ಗಿ ಜೋಲುಬಿದ್ದು, ರಕ್ತ ತಳ್ಳುವ ಶಕ್ತಿಯೇ ಇಲ್ಲದ ಹೃದಯ. ಈಗ ಬಾತ್‌ರೂಮಿಗೆ ಹೋಗಿ ಬಂದರೆ ಬೆಟ್ಟ ಹತ್ತಿದವನ ಹಾಗೆ ಏದುತ್ತಿದ್ದ.

ಇನ್ನು ನನ್ನ ಕಸುಬು. ಜೀವಕೋಶದೊಳಗೆ ಯಾವ ಪ್ರೋಟೀನು ಎಷ್ಟು ತಯಾರಾಗಬೇಕು ಅನ್ನುವ ಸಂದೇಶಗಳು ಓಡಾಡುತ್ತಿರುತ್ತವೆ. ಅವಕ್ಕೆ ಆರ್‌ಎನ್‌ಎ ಅಂತ ಹೆಸರು. ಅದರಲ್ಲೇ ತೀರಾ ಗಿಡ್ಡ ಜಾತಿ ಮೈಕ್ರೋಆರ್‌ಎನ್‌ಎ. ಅದು ತಾನಾಗಿ ಏನನ್ನೂ ತಯಾರಿಸುವುದಿಲ್ಲ, ಬೇರೆ ಸಂದೇಶಗಳ ಬಾಯಿ ಮುಚ್ಚಿಸುವುದೇ ಅದರ ಕೆಲಸ. ಸೋತ ಹೃದಯದಲ್ಲಿ ಅಂಥದ್ದೊಂದು ವಿಪರೀತ ಹೆಚ್ಚಿಕೊಂಡು, ಹೃದಯವನ್ನು ಕಾಯುವ ಸಂದೇಶಗಳ ಬಾಯನ್ನೇ ಮುಚ್ಚಿಸಿಬಿಡುತ್ತದೆ. ಹಾಗಾದರೆ ಅದರ ಬಾಯನ್ನೇ ಮುಚ್ಚಿಸಿದರೆ? ಆ ಔಷಧಿಯ ಹಿಂದೆಯೇ ನಾವು ಬಿದ್ದಿದ್ದೆವು. ಇಲಿಗಳಲ್ಲಿ ಕೆಲಸ ಮಾಡಿತ್ತು, ಹಂದಿಗಳಲ್ಲಿ ಮಾಡಿತ್ತು. ಈಗ ಕೈಬೆರಳೆಣಿಕೆಯ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದರು. ಅವರಲ್ಲಿ ನನ್ನ ತಮ್ಮ ಒಬ್ಬ.

ಇದನ್ನೆಲ್ಲ ಅವನಿಗೆ ವಿವರಿಸಿದಾಗ ಗಮನವಿಟ್ಟು ಕೇಳಿ, "ಅಂದ್ರೆ ಚೋಟುದ್ದ ಇದ್ದುಕೊಂಡು ಮನೆಯವರನ್ನೆಲ್ಲ ಗದರಿಸೋ ಜಾತಿ. ನಿನ್ನ ಥರಾನೇ ಅಕ್ಕಾ," ಅಂದ. ಅವತ್ತಿನಿಂದ ಅದಕ್ಕೆ ಚೋಟು ಅಂತಲೇ ಹೆಸರಾಯಿತು. ಅವನ ಹೆಂಡತಿಯೂ "ಚೋಟು ಏನಂತೆ ಅಕ್ಕಾ?" ಅಂತಲೇ ಕೇಳುತ್ತಿದ್ದಳು.

ಇನ್ನೊಂದು ದಾರಿಯೂ ಇತ್ತು. ಎದೆ ತೆರೆದು ಹೃದಯಕ್ಕೆ ಒಂದು ಪಂಪು ಕೂರಿಸುವುದು. ಹೊಟ್ಟೆಯ ಪಕ್ಕದಿಂದ ಒಂದು ವಯರು ಹೊರಗೆ ಬರುತ್ತದೆ, ಸೊಂಟಕ್ಕೆ ಬ್ಯಾಟರಿ ಕಟ್ಟಿಕೊಂಡಿರಬೇಕು, ನೀರು ತಾಗಿಸಬಾರದು. ನೀರಿಲ್ಲದೆ, ಮಂಡಿ ಊರದೆ ಯಾವನು ಟೈಲ್ಸ್ ಹಾಕುತ್ತಾನೆ? ತಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ. ಪಂಪು ಹಾಕಿಸಿಕೊಂಡರೆ ನಮ್ಮ ಔಷಧಿಯ ಪ್ರಯೋಗದಿಂದಲೂ ಹೊರಗೆ ಬೀಳುತ್ತಿದ್ದ. ಅವನ ಹೆಂಡತಿ ಮಾತ್ರ ಪಂಪಿನ ಕಡೆ. "ಟೈಲ್ಸ್ ಹೋದ್ರೆ ಹೋಗಲಿ, ನೀವು ಇದ್ರೆ ಸಾಕು," ಅಂತ ಅವಳ ಒಂದೇ ಮಾತು.

ಶಸ್ತ್ರಚಿಕಿತ್ಸೆಯ ಡಾಕ್ಟರು ಮಾತು ಕಡಿಮೆಯ ಮನುಷ್ಯ. "ಸದ್ಯಕ್ಕೆ ಕಿಡ್ನಿ ಚೆನ್ನಾಗಿದೆ, ಈಗಾದ್ರೆ ಮಾಡಬಹುದು. ಕಿಡ್ನಿ ಕೈಕೊಟ್ಟ ಮೇಲೆ ಕರೆದ್ರೆ ನಾನೂ ಕೈಚೆಲ್ಲಬೇಕಾಗುತ್ತೆ," ಅಂದಿದ್ದರು.

ತಮ್ಮ ಲೆಕ್ಕ ಹಾಕಿ ತೀರ್ಮಾನ ಮಾಡಿದ: ಈ ಸಲದ ರಕ್ತಪರೀಕ್ಷೆಯಲ್ಲಿ ಚೋಟು ಇಳಿದಿದ್ದರೆ ಔಷಧಿ, ಇಳಿಯದಿದ್ದರೆ ಪಂಪು. "ಕಣ್ಣು ಮೋಸ ಮಾಡುತ್ತೆ, ರಸಮಟ್ಟ ಮಾಡಲ್ಲ. ನಿನ್ನ ಮಿಷನ್ ಹೇಳಿದ ಹಾಗೆ ಕೇಳ್ತೀನಿ ಅಕ್ಕಾ," ಅಂದ. ನಾನು ಕೈಯಿಂದ ಸೂಜಿ ಬಿಡಿಸಿ, ನಳಿಕೆಯಿಂದ ತೆಗೆಸಿದ್ದು ಅದೇ ರಕ್ತವನ್ನು.

ಸಂಬಂಧಿಕರ ರಕ್ತ ನಾನು ಮುಟ್ಟುವ ಹಾಗಿರಲಿಲ್ಲ, ಅದು ನಮ್ಮಲ್ಲಿನ ನಿಯಮ. ಅವನದನ್ನೆಲ್ಲ ನೋಡುತ್ತಿದ್ದವನು ನನ್ನ ಜೊತೆ ಕೆಲಸ ಮಾಡುವ ಒಂಟೆ. ಲ್ಯಾಬಿನ ಬಾಗಿಲಿಗೆ ತಲೆ ಬಗ್ಗಿಸಿಯೇ ಒಳಗೆ ಬರುವಷ್ಟು ಉದ್ದ ಇದ್ದದ್ದರಿಂದ ಅವನಿಗೆ ಆ ಹೆಸರು. ನಮ್ಮ ಯಂತ್ರ ರಕ್ತದಲ್ಲಿರುವ ಚೋಟುವನ್ನು ದುಪ್ಪಟ್ಟು ಮಾಡುತ್ತ, ಮತ್ತೆ ದುಪ್ಪಟ್ಟು ಮಾಡುತ್ತ ಹೋಗುತ್ತದೆ. ಜಾಸ್ತಿ ಇದ್ದರೆ ಪರದೆಯ ಮೇಲಿನ ಗೆರೆ ಬೇಗ ಎದ್ದು ನಿಲ್ಲುತ್ತದೆ, ಕಡಿಮೆ ಇದ್ದರೆ ತಡವಾಗಿ ಏಳುತ್ತದೆ. ಅವತ್ತು ಒಂಟೆ ನನ್ನನ್ನು ಮೇಜಿನಿಂದ ಎಬ್ಬಿಸಿಕೊಂಡು ಹೋಗಿ ಪರದೆಯ ಮುಂದೆ ನಿಲ್ಲಿಸಿದ. ಔಷಧಿಗೆ ಮುಂಚಿನ ಗೆರೆ ಎದ್ದು ಸೂರಿಗೆ ಮುಟ್ಟಿತ್ತು. ಔಷಧಿಯ ನಂತರದ ಗೆರೆ ನೆಲ ಬಿಟ್ಟು ಏಳಲೇ ಇಲ್ಲ.

"ಇಷ್ಟು ಚೆನ್ನಾಗಿ ಹಂದಿಗಳಲ್ಲೂ ಬಂದಿರಲಿಲ್ಲ ಕಣೆ," ಅಂದ ಒಂಟೆ. ಅವನ ಕಣ್ಣಲ್ಲಿ ನೀರಿತ್ತು.

ನಾನು ಕೋಟು ಕೂಡ ಬಿಚ್ಚದೆ, ಮೆಟ್ಟಿಲು ಹಾರಿಕೊಂಡು, ಅಂಗಳ ದಾಟಿ ವಾರ್ಡಿಗೆ ಓಡಿದೆ. ಬಾಗಿಲಿನಿಂದಲೇ ಕೂಗಿದೆ, "ಚೋಟು ಇಳಿದಿದೆ ಕಣೋ! ಚೋಟು ಇಳಿದಿದೆ!" ತಮ್ಮನ ಹೆಂಡತಿ ನನ್ನನ್ನು ತಬ್ಬಿಕೊಂಡು ಅತ್ತಳು. ತಮ್ಮ ಎರಡೂ ಕೈ ಮೇಲೆತ್ತಲು ಹೋಗಿ, ಆಗದೆ, ಒಂದು ಬೆರಳು ಮಾತ್ರ ಎತ್ತಿ ಗೆದ್ದವನ ಹಾಗೆ ಆಡಿಸಿದ. ಅವತ್ತೇ ಡಾಕ್ಟರಿಗೆ ಪಂಪು ಬೇಡ ಅಂತ ಹೇಳಿಯಾಯಿತು.

"ನಿಮ್ಮಿಷ್ಟ. ನಾನು ನೋಡೋದು ರೋಗೀನ, ಗ್ರಾಫನ್ನಲ್ಲ," ಅಂದರು ಡಾಕ್ಟರು.

"ಗ್ರಾಫ್ ನೋಡೋಕೆ ನಾವಿದ್ದೀವಲ್ಲ ಡಾಕ್ಟ್ರೇ," ಅಂದೆ ನಾನು. ಆಗ ನನ್ನ ಗತ್ತು ನೋಡಬೇಕಿತ್ತು.

ಆಮೇಲೆ ಅವನು ಸುಧಾರಿಸಬೇಕಿತ್ತು. ಸುಧಾರಿಸಲಿಲ್ಲ. ಒಂದು ದಿಂಬಿಗೆ ಮಲಗುತ್ತಿದ್ದವನಿಗೆ ಎರಡು ಬೇಕಾಯಿತು, ಆಮೇಲೆ ದಿಂಬು ಸಾಲದೆ ಕೂತೇ ಕಣ್ಣು ಮುಚ್ಚತೊಡಗಿದ. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿತು ಅಂತಿದ್ದ. ಉಚ್ಚೆ ಕಡಿಮೆಯಾಯಿತು. ನಾನು ದಿನಾ ಬೆಳಿಗ್ಗೆ ಹೋಗಿ ಒಂದೇ ಪಾಠ ಒಪ್ಪಿಸುತ್ತಿದ್ದೆ: ಮೊದಲು ಚೋಟು ಇಳಿಯುತ್ತೆ, ಹೃದಯ ನಿಧಾನಕ್ಕೆ ಸುಧಾರಿಸುತ್ತೆ, ಹಂದಿಗಳಲ್ಲೂ ಹೀಗೇ ಆಗಿತ್ತು. ತಮ್ಮ ತಲೆಯಾಡಿಸುತ್ತಿದ್ದ. ಅವನಿಗಿಂತ ಹೆಚ್ಚಾಗಿ ನಾನು ನನಗೇ ಹೇಳಿಕೊಳ್ಳುತ್ತಿದ್ದೆ.

"ಅಕ್ಕಾ, ಇವರ ಕಾಲು ನೋಡಿ," ಅಂದಳು ಅವನ ಹೆಂಡತಿ ಒಂದು ದಿನ. ಹೊದಿಕೆ ಸರಿಸಿ ತೋರಿಸಿದಳು. ಮೊಣಕಾಲು ಯಾವುದು, ಪಾದ ಯಾವುದು ಗೊತ್ತಾಗುತ್ತಿರಲಿಲ್ಲ. ಅವಳು ಹೆಬ್ಬೆರಳಿನಿಂದ ಒತ್ತಿ ತೆಗೆದಳು. ಗುಳಿ ಹಾಗೇ ಉಳಿಯಿತು. "ಚಪ್ಪಲಿ ಹಿಡೀತಿಲ್ಲ. ಔಷಧಿ ಕೆಲಸ ಮಾಡ್ತಿದ್ರೆ ಹಿಂಗ್ಯಾಕೆ ಆಗುತ್ತೆ ಅಕ್ಕಾ?"

"ನಿನ್ನ ಚಪ್ಪಲಿ ಲೆಕ್ಕ ಇಟ್ಕೊಂಡು ಪ್ರಯೋಗ ನಡೆಯಲ್ಲಮ್ಮ," ಅಂದುಬಿಟ್ಟೆ. "ನಿನ್ನೆಯ ರಕ್ತದಲ್ಲಿ ಚೋಟು ಇನ್ನೂ ಇಳಿದಿದೆ. ನಾನು ನೋಡಿದ್ದೀನಿ."

ಅವಳು ಹೊದಿಕೆ ಎಳೆದು ಕಾಲು ಮುಚ್ಚಿದಳು.

ಕಾಲು ಕಣ್ಣೆದುರಿಗೇ ಇತ್ತು, ಯಾರಿಗಾದರೂ ಕಾಣುತ್ತಿತ್ತು. ನನಗೆ ಮಾತ್ರ ಕಾಣುತ್ತಿದ್ದದ್ದು ಆ ಗೆರೆ. ವರ್ಷಗಟ್ಟಲೆ ಕತ್ತಲೆಕೋಣೆಯಲ್ಲಿ ಕೂತು ಗೆರೆ ನೋಡಿದವರಿಗೆ ಹಿಡಿಯುವ ಹುಚ್ಚು ಅದು. ಗೆರೆ ಹೇಳಿದ ಮೇಲೆ ಕಾಲು ಸುಳ್ಳು ಹೇಳುತ್ತಿದೆ ಅಂತಲೇ ಅನ್ನಿಸುತ್ತದೆ.

ಆ ಮಧ್ಯಾಹ್ನ ನಾನು ವಾರ್ಡಿನಲ್ಲಿದ್ದಾಗಲೇ ಅದೇ ನರ್ಸ್ ಮತ್ತೆ ರಕ್ತ ತೆಗೆಯಲು ಬಂದಳು. ನನ್ನ ಕಡೆ ಒಮ್ಮೆ ನೋಡಿ, ನೇರ ಕತ್ತಿನ ನಳಿಕೆಗೇ ಕೈ ಹಾಕಿದಳು. ರಕ್ತ ತೆಗೆದಾದ ಮೇಲೆ ತಟ್ಟೆಯಿಂದ ಇನ್ನೊಂದು ಸಣ್ಣ ಸಿರಿಂಜು ತೆಗೆದು ನಳಿಕೆಯೊಳಗೆ ಏನನ್ನೋ ತಳ್ಳಿ ಮುಚ್ಚಳ ಬಿಗಿದಳು.

"ಅದೇನು?" ಅಂದೆ. ಸುಮ್ಮನೆ, ಮಾತಿಗೆ ಕೇಳಿದ್ದು.

"ಹೆಪಾರಿನ್ ಮೇಡಂ. ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತುಂಬಿಸಿ ಇಡ್ತೀವಿ. ದಿನಾ ಹಾಕೋದೇ."

ಹೆಪಾರಿನ್ ಮನುಷ್ಯನಿಗೆ ಒಳ್ಳೆಯದೇ. ಆದರೆ ಅದರ ಒಂದು ಹನಿ ಸೋರಿ ನಮ್ಮ ಪರೀಕ್ಷೆಗೆ ಬಂದರೆ, ಚೋಟುವನ್ನು ದುಪ್ಪಟ್ಟು ಮಾಡುವ ಕ್ರಿಯೆಯೇ ಕುತ್ತಿಗೆ ಹಿಸುಕಿದ ಹಾಗೆ ನಿಂತುಹೋಗುತ್ತದೆ. ಇದ್ದದ್ದು ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಅದಕ್ಕೇ ರಕ್ತವನ್ನು ತೋಳಿನಿಂದಲೇ ತೆಗೆಯಬೇಕು, ನಳಿಕೆಯಿಂದ ತೆಗೆಯಕೂಡದು. ಲ್ಯಾಬಿಗೆ ಹೊಸದಾಗಿ ಸೇರುವವರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುತ್ತೇವೆ. ಹೇಳಿಕೊಡುತ್ತಿದ್ದವಳು ನಾನೇ.

"ಏನಾಯ್ತು ಅಕ್ಕಾ?" ಅಂದ ತಮ್ಮ.

"ಏನಿಲ್ಲ. ಈಗ ಬಂದೆ," ಅಂದು ಎದ್ದೆ. ಅಂಗಳ ದಾಟಿ ನೇರ ಲ್ಯಾಬಿಗೆ ಹೋದೆ.

ಒಂಟೆ ಬುತ್ತಿ ತಿನ್ನುತ್ತ ಕೂತಿದ್ದ. "ನಮ್ಮ ಗುರುತಿನ ಗೆರೆ ತೋರಿಸು," ಅಂದೆ. ಪ್ರತಿ ರಕ್ತಕ್ಕೂ ನಾವೇ ಕೈಯಾರೆ ಒಂದಿಷ್ಟು ಹುಳುವಿನ ಆರ್‌ಎನ್‌ಎ ಬೆರೆಸುತ್ತೇವೆ. ಮನುಷ್ಯರಲ್ಲಿ ಇರದಂಥದ್ದು. ಎಲ್ಲದಕ್ಕೂ ಒಂದೇ ಅಳತೆ ಹಾಕಿರುವುದರಿಂದ ಎಲ್ಲದರಲ್ಲೂ ಅದರ ಗೆರೆ ಒಂದೇ ಸಮ ಏಳಬೇಕು. ಪರೀಕ್ಷೆ ನೆಟ್ಟಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

"ಅದು... ಸ್ವಲ್ಪ ಕೆಳಗಿತ್ತು," ಅಂದ ಒಂಟೆ, ಬಾಯಲ್ಲಿದ್ದದ್ದನ್ನು ನುಂಗಲಾರದೆ. "ಹಾಕುವಾಗ ನನ್ನ ಕೈ ತಪ್ಪಿರಬೇಕು ಅಂದ್ಕೊಂಡೆ. ಚೋಟು ಅಷ್ಟು ಚೆನ್ನಾಗಿ ಇಳಿದಿತ್ತಲ್ಲ..."

"ತೋರಿಸೋ!"

ತೋರಿಸಿದ. ತಮ್ಮನ ಆ ಎಲ್ಲ ರಕ್ತದಲ್ಲೂ ಹುಳುವಿನ ಗೆರೆ ನೆಲದ ಮೇಲೇ ಮಲಗಿತ್ತು. ನಾವೇ ಹಾಕಿದ್ದು ನಮಗೇ ಕಾಣುತ್ತಿರಲಿಲ್ಲ. ಒಂಟೆ ಬುತ್ತಿ ಮುಚ್ಚಿಟ್ಟು ಎದ್ದು ನಿಂತ. ಯಾರ ಅಪ್ಪಣೆಯನ್ನೂ ಕೇಳದೆ, ಉಳಿದಿದ್ದ ರಕ್ತದ ಸಾರವನ್ನು ಫ್ರೀಜರಿನಿಂದ ತೆಗೆದು, ಹೆಪಾರಿನ್ ತಿಂದುಹಾಕುವ ಕಿಣ್ವ ಬೆರೆಸಿ, ಮತ್ತೆ ಯಂತ್ರಕ್ಕೆ ಇಟ್ಟ. ನಾನು ಸ್ಟೂಲಿನ ಮೇಲೆ ಕೂತು ಪರದೆ ನೋಡಿದೆ. ಏಳಬೇಡ, ಏಳಬೇಡ ಅಂತ ಬಾಯಿಬಿಟ್ಟೇ ಹೇಳುತ್ತಿದ್ದೆ. ಹುಳುವಿನ ಗೆರೆ ತನ್ನ ಜಾಗಕ್ಕೆ ಎದ್ದಿತು. ಅದರ ಹಿಂದೆಯೇ ಚೋಟುವಿನ ಗೆರೆ ಎದ್ದಿತು. ಔಷಧಿಗೆ ಮುಂಚೆ ಎಲ್ಲಿತ್ತೋ ಅಲ್ಲಿಗೇ ಏರಿ ನಿಂತಿತು, ಒಂದು ಕೂದಲೆಳೆ ಆಚೀಚೆ ಇಲ್ಲದೆ.

ಚೋಟು ಯಾವತ್ತೂ ಇಳಿದಿರಲೇ ಇಲ್ಲ.

"ನನ್ನ ತಪ್ಪು ಕಣೆ, ನಾನು ನೋಡಬೇಕಿತ್ತು," ಅಂದ ಒಂಟೆ. ಅವನಿಗೆ ಸಮಾಧಾನ ಹೇಳುವಷ್ಟು ಒಳ್ಳೆಯತನ ಆಗ ನನ್ನಲ್ಲಿರಲಿಲ್ಲ.

ವಾರ್ಡಿಗೆ ವಾಪಸ್ಸು ಹೋಗುವಾಗ ಸುಳ್ಳುಗಳು ಒಂದರ ಹಿಂದೊಂದು ತಲೆಗೆ ಬಂದವು. ಔಷಧಿ ಇವನಿಗೆ ಒಗ್ಗಲಿಲ್ಲ ಅನ್ನಲೇ? ಚೋಟು ಇಳಿದು ಮತ್ತೆ ಏರಿತು ಅನ್ನಲೇ? ಯಾವುದನ್ನು ಹೇಳಿದ್ದರೂ ಅವರು ನಂಬುತ್ತಿದ್ದರು. ಅವನ ಮುಖ ನೋಡಿದ ಮೇಲೆ ಯಾವುದೂ ಬಾಯಿಗೆ ಬರಲಿಲ್ಲ. ಮಂಚದ ತುದಿಯಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಳಿಕೆಯಿಂದ ತೆಗೆಯಿರಿ ಅಂತ ಹಟ ಹಿಡಿದವಳು ನಾನು, ಅದರಿಂದ ಪರೀಕ್ಷೆ ಕೆಟ್ಟಿತು, ಔಷಧಿ ಮೊದಲಿನಿಂದಲೂ ಕೆಲಸವೇ ಮಾಡಿಲ್ಲ ಅಂತ.

ಅವನ ಹೆಂಡತಿ ಎದ್ದು ನಿಂತಳು. ಬಯ್ಯುತ್ತಾಳೆ ಅಂದುಕೊಂಡೆ, ಬಯ್ದಿದ್ದರೆ ಚೆನ್ನಾಗಿತ್ತು. "ನಾನು ಕಾಲು ತೋರಿಸಿದೆ," ಅಂದಳು. "ನಿಮಗೆ ಕಾಲು ತೋರಿಸಿದೆ ಅಕ್ಕಾ." ಅಷ್ಟು ಹೇಳಿ ಬಾಯಿಗೆ ಸೆರಗು ಒತ್ತಿಕೊಂಡು ಕಾರಿಡಾರಿಗೆ ಹೋದಳು.

ತಮ್ಮ ದಿಂಬಿಗೆ ತಲೆ ಒರಗಿಸಿದ. "ಅಂದ್ರೆ," ಅಂದ, ಒಂದೊಂದು ಮಾತಿಗೂ ಉಸಿರು ಹುಡುಕಿಕೊಳ್ಳುತ್ತ, "ರಸಮಟ್ಟದ ಕೆಳಗೆ... ಮರಳು ಸಿಕ್ಕಿಕೊಂಡಿತ್ತು ಅನ್ನು."

"ಹೂಂ ಕಣೋ."

"ನನಗೂ ಆಗಿದೆ. ಒಂದು ಹಾಲ್ ಪೂರ್ತಿ ಕಿತ್ತು ಹಾಕಿದೀನಿ." ನಗಲು ನೋಡಿದ, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಹಾಗಾದ್ರೆ ಪಂಪೇ ಹಾಕಲಿ. ಹೋಗಿ ಡಾಕ್ಟ್ರನ್ನ ಕರಿ. ಅಳಬೇಡ, ಆಮೇಲೆ ಅಳುವಂತೆ," ಅಂದ.

ಡಾಕ್ಟರು ಬಂದರು. ನಾನು ಹೇಳಿದ್ದನ್ನು ಕೇಳಿಸಿಕೊಂಡರು. ಒಂದೇ ಒಂದು ಚುಚ್ಚುಮಾತು ಆಡಲಿಲ್ಲ. ಅವನ ಕಾಲು ಒತ್ತಿ ನೋಡಿದರು, ಉಚ್ಚೆಯ ಚೀಲ ನೋಡಿದರು. "ಕಿಡ್ನಿ ಹೇಗಿದೆ ಅಂತ ಈಗಲೇ ಒಂದು ಸಲ ನೋಡಬೇಕು. ಅದು ಗಡಿಯೊಳಗಿದ್ರೆ ನಾಳೆ ಬೆಳಿಗ್ಗೆ ಮೊದಲ ಕೇಸು ಇವರದೇ. ದಾಟಿದ್ರೆ ಟೇಬಲ್ ಮೇಲೇ ಕಳಕೊಳ್ತೀವಿ, ನಾನು ಕೈ ಹಾಕಲ್ಲ," ಅಂದರು.

ನರ್ಸ್ ಸಿರಿಂಜು ತಂದು ಅಭ್ಯಾಸದಂತೆ ಕತ್ತಿನ ಕಡೆಗೆ ಬಾಗಿದಳು.

"ಬೇಡ," ಅಂದೆ. "ಕೈಯಿಂದ ತೆಗೀರಿ."

ಅವಳು ನನ್ನನ್ನೇ ನೋಡಿದಳು. ಕಿಡ್ನಿಯ ಪರೀಕ್ಷೆಗೆ ಹೆಪಾರಿನ್ ಅಡ್ಡಿ ಮಾಡುವುದಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಇದೊಂದು ನಂಬರಿನ ಮೇಲೆ ಯಾರಿಗೂ, ಯಾವ ಅನುಮಾನವೂ ಇರಬಾರದಾಗಿತ್ತು. ಕಪ್ಪುಗಟ್ಟಿದ ಆ ತೋಳನ್ನು ನಾನೇ ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಅಲುಗಾಡದಂತೆ ಹಿಡಿದೆ. "ಚುಚ್ಚಿ ಸಿಸ್ಟರ್," ಅಂದೆ.

ತಪ್ಪಿತು. ಅವನು ಹಲ್ಲು ಕಚ್ಚಿದ. "ಇನ್ನೊಂದು ಸಲ," ಅಂದೆ. ಮತ್ತೆ ತಪ್ಪಿತು. ಈ ಸಲ ಅವನಿಂದ ತಡೆಯಲಾಗದೆ "ಅಮ್ಮಾ" ಅಂದುಬಿಟ್ಟ. ನರ್ಸ್ ನನ್ನ ಮುಖ ನೋಡಿದಳು. ನನ್ನ ಕಣ್ಣೀರು ಅವನ ತೋಳಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ. "ನಿಲ್ಲಿಸಬೇಡಿ. ಚುಚ್ಚಿ," ಅಂದೆ. ಕೊನೆಗೆ ಮುಂಗೈಯ ಹತ್ತಿರ ಒಂದು ಸಣ್ಣ ನರ ಸಿಕ್ಕಿತು, ರಕ್ತ ನಿಧಾನವಾಗಿ ಸಿರಿಂಜಿಗೆ ಬಂತು.

ಕಾಯುವಾಗ ಅವನ ಹೆಂಡತಿ ಒಳಗೆ ಬಂದು, ನನ್ನ ಪಕ್ಕದಲ್ಲಲ್ಲ, ಮಂಚದ ಆ ಕಡೆ ಕೂತಳು. ಚುಚ್ಚಿದ ಜಾಗಗಳಿಗೆಲ್ಲ ಹತ್ತಿ ಒತ್ತಿ ಹಿಡಿದಳು. ನಾನು ನನಗೆ ಗೊತ್ತಿದ್ದ ದೇವರನ್ನೂ, ಗೊತ್ತಿಲ್ಲದ ದೇವರನ್ನೂ ಬೇಡಿಕೊಂಡೆ.

ಡಾಕ್ಟರು ವಾಪಸ್ಸು ಬಂದಾಗಲೇ ಅವರ ನಡಿಗೆಯಲ್ಲಿ ಗೊತ್ತಾಯಿತು. ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಕೂತು ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಿಡ್ನಿ ಗಡಿ ದಾಟಿದೆ ಅಂದರು. ಒಂದೆರಡು ದಿನದಲ್ಲಿ ಆದದ್ದಲ್ಲ, ವಾರದಿಂದ ಇಳಿಯುತ್ತ ಬಂದಿದೆ ಅಂದರು. ಡ್ರಿಪ್ ಬದಲಾಯಿಸಿ ನೋಡ್ತೀವಿ, ಚೇತರಿಸಿಕೊಂಡರೆ ಮತ್ತೆ ಯೋಚಿಸೋಣ, ಆದರೆ ಆಸೆ ಇಟ್ಟುಕೊಳ್ಳಿ ಅಂತ ನಾನು ಹೇಳಲಾರೆ ಅಂದರು.

ಅವರು ಎದ್ದು ಹೋದ ಮೇಲೆ ತಮ್ಮ ನನ್ನ ಕಡೆ ತಲೆ ಹೊರಳಿಸಿದ. ಚಿಕ್ಕವನಿದ್ದಾಗ ಲೆಕ್ಕ ಬಿಡಿಸಿ ಸರಿಯಾಗಿದೆಯಾ ಅಂತ ನನ್ನ ಮುಂದೆ ಸ್ಲೇಟು ಹಿಡಿಯುತ್ತಿದ್ದನಲ್ಲ, ಅದೇ ಮುಖ.

"ಅಕ್ಕಾ," ಅಂದ. "ಈ ಸಲ ಕೈಯಿಂದಲೇ ತೆಗೆದಿದ್ದಲ್ವಾ?"

ಅವನ ಹೆಂಡತಿಯೂ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಅನ್ನು, ಇದೂ ತಪ್ಪು ಲೆಕ್ಕ ಅನ್ನು ಅಂತ ಆ ಕಣ್ಣು ಕೇಳುತ್ತಿತ್ತು.

"ಹೌದು ಕಣೋ," ಅಂದೆ. "ಕೈಯಿಂದಲೇ. ನಾನೇ ಹಿಡಿದುಕೊಂಡಿದ್ದೆ."

"ಹಾಗಾದ್ರೆ ಸರಿಯಾಗಿರುತ್ತೆ," ಅಂದ ಅವನು. ಆಮೇಲೆ ಕಣ್ಣು ಮುಚ್ಚಿಕೊಂಡ. ಅವನ ಹೆಂಡತಿ ಹಳೆಯ ಹತ್ತಿ ತೆಗೆದು ಹೊಸದನ್ನು ಒತ್ತಿದಳು.